ಎಕ್ಸ್‌ಚೇಂಜಿನ ಷಡ್ಜ

ಲೈನ್‌ಮನ್ ಹನುಮೇಶಣ್ಣನನ್ನು ನಾನು ಮೊದಲು ನೋಡಿದ್ದು ನೆಲದೊಳಗೆ. ಧಾರವಾಡದ ಒಂದು ಸಣ್ಣ ಟೆಲಿಫೋನ್ ಎಕ್ಸ್‌ಚೇಂಜಿಗೆ ಜೂನಿಯರ್ ಎಂಜಿನಿಯರ್ ಆಗಿ ನಾನು ಬಂದ ಮೊದಲ ವಾರ ಅದು. ರಸ್ತೆ ಬದಿಯ ಕೇಬಲ್ ಗುಂಡಿಯಲ್ಲಿ ಎದೆಮಟ್ಟ ಇಳಿದು, ಟೆಸ್ಟ್ ಫೋನನ್ನು ಎಡಗಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತಿದ್ದರು. ಸಣ್ಣಗೆ ಜಿಟಿಜಿಟಿ ಹನಿಯುತ್ತಿತ್ತು, ಅದರ ಪರಿವೆಯೂ ಇರಲಿಲ್ಲ. ನಿದ್ದೆ ಹೋಗಿದ್ದಾರೆ ಅಂದುಕೊಂಡೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಹೆಬ್ಬಳ್ಳಿಯ ನಮ್ಮ ಮನೆಯಲ್ಲಿ ಯಾರನ್ನು ಬೇಕಾದರೂ ಕೇಳಿ.

"ಡ್ಯೂಟಿ ಮ್ಯಾಲೆ ನಿದ್ದಿ ಮಾಡಾಕತ್ತೀರಲ್ರಿ, ನಾಚಿಕಿ ಬರೂದಿಲ್ಲೇನು?" ಎಂದೆ.

ಅವರು ಕಣ್ಣು ತೆರೆಯದೆ ತುಟಿಯ ಮೇಲೆ ಬೆರಳಿಟ್ಟರು. "ಒಂದ್ ನಿಮಿಷ ತಡೀರಿ ಮೇಡಂ. ಟೋನ್ ಕೇಳಾಕತ್ತೇನಿ."

ರಿಸೀವರ್ ಎತ್ತಿದೊಡನೆ ಗುಂಯ್ ಎಂದು ಬರುವ ಡಯಲ್ ಟೋನು. ನಂಬರು ಒತ್ತಿದರೆ ಮುಗಿಯಿತು ಅದರ ಆಯುಷ್ಯ. ಅದರಲ್ಲಿ ಕಣ್ಣು ಮುಚ್ಚಿ ಕೇಳುವುದೇನಿದೆ ಎಂದು ನಾನು ಕೇಳಲಿಲ್ಲ. ಇನ್ನೆರಡು ಮಾತು ಬೈದು ಮುಂದೆ ಹೋದೆ. ಅದು ೨೦೧೧ರ ಮಾತು.

ಆಗ ನಮ್ಮ ಎಕ್ಸ್‌ಚೇಂಜಿನಲ್ಲಿ ಎರಡು ಸಾವಿರ ಲೈನುಗಳಿದ್ದವು. ವರ್ಷ ವರ್ಷವೂ ಮೇಲಿನಿಂದ ಸುಧಾರಣೆಯ ಹೊಸ ಸುತ್ತೋಲೆ ಬರುತ್ತಿತ್ತು, ವರ್ಷ ವರ್ಷವೂ ಲೈನು ಕಡಿಮೆಯಾಗುತ್ತಿತ್ತು. ಬಿಡಿಭಾಗ ಕೇಳಿದರೆ 'ತಯಾರಿಕೆ ನಿಂತಿದೆ' ಎಂಬ ಉತ್ತರ. ರಸ್ತೆ ಅಗಲ ಮಾಡುವವರು ಬಂದು ಕೇಬಲ್ ಕತ್ತರಿಸುವರು, ನಾವು ಜೋಡಿಸಿ ಮಣ್ಣು ಮುಚ್ಚುವಷ್ಟರಲ್ಲಿ ನೀರಿನ ಪೈಪಿನವರು ಬಂದು ಇನ್ನೊಮ್ಮೆ ಕತ್ತರಿಸುವರು. ಒಬ್ಬರಿಗೊಬ್ಬರು ಹೇಳುವ ಪದ್ಧತಿಯೇ ಇಲ್ಲ. ೨೦೨೦ರ ಜನವರಿಯಲ್ಲಿ ಸ್ವಯಂ ನಿವೃತ್ತಿ ಬಂತು. ಹೆಸರಿಗೆ ಸ್ವಯಂ. ನಮ್ಮ ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿ ಒಂದೇ ಸಂಜೆ ಹಾರ ಹಾಕಿಸಿಕೊಂಡು ಮನೆಗೆ ಹೋದರು. ಹನುಮೇಶಣ್ಣನೂ ಹೋದರು. ಮರುವಾರ ಅದೇ ಹನುಮೇಶಣ್ಣ ಗುತ್ತಿಗೆದಾರನ ಕಡೆಯ ಆಳಾಗಿ, ಅರ್ಧಕ್ಕಿಂತ ಕಡಿಮೆ ಪಗಾರಕ್ಕೆ, ಅದೇ ಗುಂಡಿಗೆ ಇಳಿದರು. ನಾನು ಉರಿದುಬಿದ್ದೆ. ಅವರು ನಕ್ಕರು.

"ಗುಂಡಿಗೇನ್ ಗೊತ್ತರಿ ಮೇಡಂ, ನಾ ಪರ್ಮನೆಂಟೋ ಕಾಂಟ್ರಾಕ್ಟೋ ಅಂತ?"

ಹೀಗೆ ಮೂರು ವರ್ಷ ಕಳೆಯಿತು. ೨೦೨೩ರಲ್ಲಿ ಕಡೆಯ ಆದೇಶ ಬಂತು. ಜುಲೈ ಮೂವತ್ತೊಂದಕ್ಕೆ ತಾಮ್ರದ ಲೈನು ಪೂರ್ತಿ ಬಂದ್. ಉಳಿದವರನ್ನು ಫೈಬರಿಗೆ ಸೇರಿಸಬೇಕು, ಎಕ್ಸ್‌ಚೇಂಜಿನ ಯಂತ್ರಗಳನ್ನು ಗುಜರಿಗೆ ಕೊಡಬೇಕು. ಉಳಿದದ್ದು ನೂರಾ ನಲವತ್ತು ಲೈನು. ಹನುಮೇಶಣ್ಣ ಒಂದೊಂದೇ ಮನೆಗೆ ಹೋಗಿ ಸಹಿ ಮಾಡಿಸಿಕೊಂಡು ಬಂದರು. ನೂರಾ ಮೂವತ್ತೊಂಬತ್ತು ಅರ್ಜಿ ನನ್ನ ಟೇಬಲ್ಲಿಗೆ ಬಂದವು. ಒಂದು ಬರಲಿಲ್ಲ.

"ಇಂದೂಬಾಯಾರ ಮನೀದು ಉಳದೈತ್ರಿ. ನೀವ ಒಮ್ಮೆ ಬರ್ರಿ. ಮುಂಜಾನೆ ಐದೂವರಿಗೆ."

"ಐದೂವರಿಗೇನು? ಹತ್ತಕ್ಕ ಯಾಕಾಗೂದಿಲ್ಲ?"

"ಹತ್ತಕ್ಕ ಅವರು ಇರೂದಿಲ್ರಿ. ಅಂದ್ರ, ಮನ್ಯಾಗ ಇರ್ತಾರ. ಆದ್ರ ಇರೂದಿಲ್ಲ."

ಬೈದುಕೊಳ್ಳುತ್ತಲೇ ಹೋದೆ. ನಸುಕಿನಲ್ಲಿ ಧಾರವಾಡದ ಓಣಿಗಳು ಪೂರ್ತಿ ಎದ್ದಿರುವುದಿಲ್ಲ. ಮಂಜು ಗೇಟುಗಳ ಮೇಲೆ ಕೂತಿರುತ್ತದೆ, ಎಲ್ಲೋ ಹಾಲಿನ ಕ್ಯಾನು ಸದ್ದು ಮಾಡುತ್ತದೆ, ಮನೆಗಳ ಒಳಗಿನಿಂದ ತಂಬೂರಿ ಕೇಳಿಸುತ್ತದೋ ನಮ್ಮ ಕಿವಿಯೇ ಗುಂಯ್ಗುಡುತ್ತದೋ ತಿಳಿಯುವುದಿಲ್ಲ. ಇಂದೂಬಾಯಿ ಎಪ್ಪತ್ತೊಂಬತ್ತು ವರ್ಷದವರು. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಮನೆಯಲ್ಲೂ ಐವತ್ತು ವರ್ಷ ಕಲಿಸಿದರು. ಆ ಓಣಿಯಲ್ಲಿ ಹಾಡಲು ಬರುವವರೆಲ್ಲ ಅವರ ಕೈಕೆಳಗೆ ಒಮ್ಮೆಯಾದರೂ ಕೂತವರೇ.

ಬಾಗಿಲು ತೆಗೆದ ಸೊಸೆ ಸುರಭಿ ಸದ್ದು ಮಾಡಬೇಡಿರೆಂದು ಸನ್ನೆ ಮಾಡಿದಳು. ನಡುಮನೆಯ ಚಾಪೆಯ ಮೇಲೆ ಇಂದೂಬಾಯಿ ಕೂತಿದ್ದರು. ಮಗ್ಗುಲಲ್ಲಿ ತಂಬೂರಿ, ಮುಂದೆ ಸಣ್ಣ ಸ್ಟೂಲಿನ ಮೇಲೆ ನಮ್ಮ ಹಳೆಯ ಬೂದು ಬಣ್ಣದ ಟೆಲಿಫೋನು. ಅವರು ರಿಸೀವರ್ ಎತ್ತಿ ಕಿವಿಗಿಟ್ಟರು. ಕಣ್ಣು ಮುಚ್ಚಿದರು. ಗುಂಡಿಯೊಳಗಿನ ಹನುಮೇಶಣ್ಣನ ಮುಖವೇ ಅದು! ಡಯಲ್ ಟೋನು ಕೇಳುತ್ತ ಕೇಳುತ್ತ ಒಂದು ಕೈಯಲ್ಲಿ ತಂಬೂರಿಯ ಬಿರಡೆ ತಿರುಗಿಸಿ ತಂತಿಯನ್ನು ಅದಕ್ಕೆ ಕೂಡಿಸಿದರು. ಆಮೇಲೆ ರಿಸೀವರ್ ಇಟ್ಟು ಅದೇ ಸ್ವರವನ್ನು ಕೊರಳಲ್ಲಿ ತೆಗೆದುಕೊಂಡರು. ಸಾ. ಮನೆಯ ಪಾತ್ರೆಪಗಡೆಯೂ ಉಸಿರು ಬಿಟ್ಟಂತೆ ಅನಿಸಿತು ನನಗೆ.

ಧಾರವಾಡದಲ್ಲಿ ಇದು ಅಂಥ ಆಶ್ಚರ್ಯದ ಸಂಗತಿಯೇನಲ್ಲವಂತೆ. ಹಾರ್ಮೋನಿಯಂ ಕೈಗೆ ಸಿಗದ ಹೊತ್ತಿನಲ್ಲಿ ಫೋನಿದ್ದ ಮನೆಯವರು ಹೀಗೆ ಶ್ರುತಿ ಹಿಡಿಯುತ್ತಿದ್ದರಂತೆ. ಇಂದೂಬಾಯಿ ಅದನ್ನೇ ವ್ರತ ಮಾಡಿಕೊಂಡರು. ಅವರ ಸಾ ಹಾರ್ಮೋನಿಯಂನ ಬಿಳಿ ಐದಕ್ಕೂ ಕರಿ ನಾಲ್ಕಕ್ಕೂ ನಡುವೆ, ಯಾವ ಪಟ್ಟಿಯೂ ಇಲ್ಲದ ಜಾಗದಲ್ಲಿತ್ತು. ಹುಬ್ಬಳ್ಳಿಯಿಂದ ಸಾಥ್ ಕೊಡಲು ಬಂದ ಹಾರ್ಮೋನಿಯಂದವರು ಕೈಮುಗಿದು ವಾಪಸು ಹೋಗುತ್ತಿದ್ದರಂತೆ. ಬಾಯಾರ ಕಡೆ ಕಲಿತ ಸಾವಿರ ಮಂದಿಯೂ, ಬಿಟ್ಟುಹೋಗಿ ಹಾರ್ಮೋನಿಯಂ ಶ್ರುತಿಗೆ ಹೊಂದಿಕೊಳ್ಳುವ ತನಕ, ಅದೇ ಸಾ ಹಾಡಿದವರು.

ಆ ದಿನ ಅವರು ಒಂದು ತಾಸು ಹಾಡಿದರು. ಹೊರಗೆ ಜಗಲಿಯಲ್ಲಿ ಮಗ ಮಿಲಿಂದ, ಐವತ್ತು ದಾಟಿದ ಬ್ಯಾಂಕಿನ ಮನುಷ್ಯ, ಚಹದ ಕಪ್ಪು ಹಿಡಿದು ಕಾಯುತ್ತಿದ್ದ. ಹಾಡು ನಿಂತಿತು. ಒಳಗಿನಿಂದ ಬಾಯಾರು ಕರೆದರು: "ಮಿಲಿಂದಾ, ಇವತ್ತು ಲಗೂ ಎದ್ದೀ ಏನೋ?" ಅವನು ದಡಬಡ ಎದ್ದು ಒಳಗೆ ಹೋದ. ಚಹಾ ಚೆಲ್ಲಿದ್ದೂ ಅವನಿಗೆ ಗೊತ್ತಾಗಲಿಲ್ಲ.

ಸುರಭಿ ನನಗೆ ಮೆಲ್ಲಗೆ ಹೇಳಿದಳು. ಎರಡು ವರ್ಷದಿಂದ ಅತ್ತೆಗೆ ಮರೆವು. ಮನೆ, ಮಂದಿ, ಊಟ ಮಾಡಿದ್ದು, ಎಲ್ಲವೂ ಹೋಗಿದೆ. ಮಗನನ್ನೇ "ಯಾರಪ್ಪಾ ನೀ?" ಎಂದು ಕೇಳುತ್ತಾರೆ. ಆದರೆ ಬೆಳಗಿನಲ್ಲಿ ಫೋನೆತ್ತಿ ಸಾ ಹಿಡಿದು ಹಾಡಿದರೆ, ಅದರ ಹಿಂದೆಯೇ ಉಳಿದದ್ದೂ ಬರುತ್ತದೆ. ಒಂದು ತಾಸು, ಹೆಚ್ಚೆಂದರೆ ಒಂದೂವರೆ ತಾಸು. ಮೊಬೈಲಿನಲ್ಲಿ ತಂಬೂರಿ ಹಚ್ಚಿ ನೋಡಿದ್ದರು, ಶ್ರುತಿಪೆಟ್ಟಿಗೆ ತಂದು ನೋಡಿದ್ದರು. ಎರಡನ್ನೂ ಬಾಯಾರು ದೂರ ಸರಿಸಿದ್ದರು. ಚಹದ ಕಪ್ಪು ಇಡಲು ಬಂದ ಮಿಲಿಂದ ಇಷ್ಟೇ ಅಂದ: "ಆ ಒಂದ್ ತಾಸಿನ್ಯಾಗ ನಾ ಮಗಾ ಇರ್ತೀನ್ರಿ ಮೇಡಂ. ಉಳದ ಹೊತ್ತು ಯಾರೋ. ನಿಮ್ಮ ಫೈಬರಿನ್ಯಾಗ ಈ ಟೋನ್ ಬರ್ತದೇನು?"

"ಯಾಕ ಬರೂದಿಲ್ರಿ? ಟೋನ್ ಅಂದ್ರ ಟೋನ್, ಎಲ್ಲಾ ಒಂದ" ಎಂದೆ. ಎಂಜಿನಿಯರ್ ಆಗಿ ಹೇಳಿದೆ. ಮಿಲಿಂದ ನಂಬಿ ಸಹಿ ಮಾಡಿದ.

ವಾಪಸು ಬರುವಾಗ ಹನುಮೇಶಣ್ಣ ಎಕ್ಸ್‌ಚೇಂಜಿನ ಮೆಟ್ಟಿಲ ಹತ್ತಿರ ನಿಂತು, "ಮೂವತ್ತೊಂದರ ಮಟಾ ಬಂದ್ ಮಾಡಬ್ಯಾಡ್ರಿ ಮೇಡಂ. ನನಗ ಒಳಗ ಒಂದ್ ಕೆಲಸ ಐತಿ" ಎಂದರು.

"ಏನ್ ಕೆಲಸ?"

"ಐತ್ರಿ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇಪ್ಪತ್ತೇಳನೇ ತಾರೀಖು ಗುಜರಿಯವರು ಲಾರಿ ತಂದರು. ಇವತ್ತು ಬಿಟ್ಟರೆ ಮುಂದಿನ ತಿಂಗಳು ಅಂದರು. ಹನುಮೇಶಣ್ಣ ಅಂದು ಬೆಂಗೇರಿಯಲ್ಲಿ ಫೈಬರ್ ಎಳೆಯಲು ಹೋಗಿದ್ದರು. ಎಲ್ಲ ಮನೆಗಳಿಗೂ ಫೈಬರಿನ ಹೊಸ ಪೆಟ್ಟಿಗೆ ಕೂಡಿಸಿ ಆಗಿತ್ತು. ನಾಲ್ಕು ದಿನಕ್ಕೆ ಏನು ಮಹಾ ಎಂದು ನಾನು ಸಹಿ ಹಾಕಿ ಮುಖ್ಯ ಸ್ವಿಚ್ಚು ಇಳಿಸಿದೆ.

ಆ ಕೋಣೆಯಲ್ಲಿ ಹನ್ನೆರಡು ವರ್ಷ ಕೂತಿದ್ದೆ. ಅಲ್ಲಿ ಒಂದು ಸದ್ದಿತ್ತೆಂದು ಗೊತ್ತಾದದ್ದು ಅದು ನಿಂತಾಗ. ಹಸಿರು ದೀಪಗಳು ಸಾಲಾಗಿ ಆರಿದವು. ಫ್ಯಾನುಗಳು ತಿರುಗುತ್ತ ತಿರುಗುತ್ತ ಸುಸ್ತಾಗಿ ನಿಂತವು. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಧೂಳು ಮಾತ್ರ ಇನ್ನೂ ತೇಲುತ್ತಿತ್ತು. ಲಾರಿ ತುಂಬುವ ತನಕವೂ ನಾನು ಹೊರಗೆ ಹೋಗಿ ನಿಂತೆ.

ಸಂಜೆ ಹನುಮೇಶಣ್ಣ ಬಂದು ಖಾಲಿ ಕೋಣೆ ನೋಡಿದರು. ಬಾಗಿಲು ಎಳೆದುಕೊಂಡು ಹೊರಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಆರಕ್ಕೆ ಸುರಭಿಯ ಫೋನು. ಹೋದೆವು. ಬೂದು ಫೋನನ್ನು ಹೊಸ ಪೆಟ್ಟಿಗೆಗೆ ಜೋಡಿಸಿ ಆಗಿತ್ತು. ಇಂದೂಬಾಯಿ ರಿಸೀವರ್ ಕಿವಿಗಿಟ್ಟುಕೊಂಡು ಹಣೆ ಗಂಟಿಕ್ಕಿ ಕೂತಿದ್ದರು. ನಾನು ಇಸಿದುಕೊಂಡು ಕೇಳಿದೆ. ಟೋನು ಬರುತ್ತಿತ್ತು, ಆದರೆ ಒಂದಲ್ಲ, ಎರಡು ಸ್ವರ ಒಂದರ ಮೇಲೊಂದು ಹೆಣೆದುಕೊಂಡು ಜಗಳಾಡುತ್ತಿದ್ದವು. ಅದರಲ್ಲಿ ಸಾ ಎಲ್ಲಿಂದ ತರಬೇಕು? ಬಾಯಾರು ರಿಸೀವರ್ ಕೆಳಗಿಟ್ಟರು. ತಂಬೂರಿ ಮುಟ್ಟಲಿಲ್ಲ. ಮಿಲಿಂದ ಒಳಗೆ ಬಂದಾಗ, "ಯಾರಪ್ಪಾ ನೀ? ಯಾರು ಬೇಕಾಗಿತ್ತು?" ಎಂದು ಬಹಳ ಮರ್ಯಾದೆಯಿಂದ ಕೇಳಿದರು. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನಿಸಿತು.

ಹೊಸ ಪೆಟ್ಟಿಗೆಯ ಒಳಗಿನ ಸೆಟ್ಟಿಂಗ್ ತೆಗೆದು ನೋಡಿದರೆ ಅಲ್ಲಿ ದೇಶಗಳ ಉದ್ದ ಪಟ್ಟಿ. ಯಾವ ದೇಶ ಆರಿಸಿದರೆ ಆ ದೇಶದ ಟೋನು. ನಮ್ಮ ದೇಶವೂ ಅದರಲ್ಲಿತ್ತು, ಆದರೆ ಅದನ್ನು ಆರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಎಲ್ಲಿಯದೋ ಟೋನನ್ನು ನಾವು ಮನೆಮನೆಗೆ ಕೂಡಿಸಿ ಬಂದಿದ್ದೆವು, ಒಬ್ಬರೂ ಕೇಳಿರಲಿಲ್ಲ. ಬದಲಿಸಲು ಮೇಲಿನವರ ಪಾಸ್‌ವರ್ಡ್ ಬೇಕು. ದೂರು ಬರೆದೆ. 'ಇದು ದೋಷವಲ್ಲ. ದೂರು ಮುಕ್ತಾಯ' ಎಂದು ಉತ್ತರ ಬಂತು. ಮತ್ತೆ ಬರೆದೆ. ಮತ್ತೆ ಮುಕ್ತಾಯ. ಒಂಬತ್ತು ದಿನ ಜಗಳವಾಡಿ, ಒಬ್ಬ ಸಾಹೇಬರಿಗೆ ಫೋನಿನಲ್ಲೇ ಬೆವರಿಳಿಸಿ ಪಾಸ್‌ವರ್ಡ್ ತೆಗೆಸಿದೆ. ಆ ಒಂಬತ್ತು ದಿನ ಬಾಯಾರು ಬೆಳಿಗ್ಗೆ ಬೆಳಿಗ್ಗೆ ರಿಸೀವರ್ ಎತ್ತುತ್ತಿದ್ದರು, ಇಡುತ್ತಿದ್ದರು. ನನ್ನ ನಿದ್ದೆಯಲ್ಲಿ ಉದ್ದನೆಯ ಓಣಿಯೊಂದು ಬರುತ್ತಿತ್ತು. ಅದರ ಪ್ರತಿ ಮನೆಯಲ್ಲೂ ಫೋನೆತ್ತಿ ಹಿಡಿದವರು, ಯಾರಿಗೂ ಏನೂ ಕೇಳಿಸದು.

ಹತ್ತನೆಯ ದಿನ ನಮ್ಮ ದೇಶದ ಟೋನು ಹಾಕಿದೆ. ಒಂದೇ ಸ್ವರ, ಹಳೆಯದರ ಹಾಗೆಯೇ ಗುಂಯ್. ಗೆದ್ದೆ ಅಂದುಕೊಂಡೆ. ಇಂದೂಬಾಯಿ ಬಹಳ ಹೊತ್ತು ಕೇಳಿದರು. ಬಿರಡೆಗೆ ಕೈ ಹಾಕಿ ಅರ್ಧಕ್ಕೆ ಬಿಟ್ಟರು.

"ಬಾಗಲದ ತನಕಾ ಬಂದದ," ಅಂದರು. "ಒಳಗ ಬರವಲ್ದು."

ಹೊರಗೆ ಬಂದು ನಾನು ಹನುಮೇಶಣ್ಣನ ಮೇಲೆ ಹರಿಹಾಯ್ದೆ. ಇನ್ನೇನು ಮಾಡಬೇಕಿತ್ತು ನಾನು? ಸರಿಯಾದ ಟೋನೇ ಇದು, ಪುಸ್ತಕದಲ್ಲಿ ಬರೆದದ್ದೇ ಇದು!

"ಇದು ಸರೀನ ಐತ್ರಿ," ಅಂದರು ಅವರು, ಜಗಲಿಯ ಮೆಟ್ಟಿಲ ಮೇಲೆ ಕೂತು. "ನಮ್ಮ ಎಕ್ಸ್‌ಚೇಂಜಿನ ಟೋನೇ ತಪ್ಪಿತ್ತು."

ಆಮೇಲೆ ಅವರು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ೧೯೯೯ರ ಮಳೆಗಾಲದಲ್ಲಿ ಸಿಡಿಲು ಬಡಿದು ಎಕ್ಸ್‌ಚೇಂಜಿನ ಟೋನ್ ಕಾರ್ಡು ಸುಟ್ಟಿತು. ಡಯಲ್ ಟೋನು ಹುಟ್ಟುವುದು ಆ ಕಾರ್ಡಿನಲ್ಲಿ. ಬದಲಿ ಕಾರ್ಡು ಬರಲು ಮೂರು ತಿಂಗಳು ಎಂದರು ಮೇಲಿನವರು. ಊರಿನವರು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಹನುಮೇಶಣ್ಣ ಯಾರಿಗೂ ಹೇಳದೆ ಕಾರ್ಡನ್ನು ಅರಿವೆಯಲ್ಲಿ ಸುತ್ತಿ, ಬಸ್ಸು ಹತ್ತಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ರೇಡಿಯೋ ರಿಪೇರಿ ಮಾಡುವ ಜುಲ್ಫಿಕಾರ ಎಂಬ ಗೆಳೆಯನ ಅಂಗಡಿಗೆ ಒಯ್ದರು. ಬೇಕಾದ ಬಿಡಿಭಾಗ ಅಲ್ಲಿ ಇರಲಿಲ್ಲ. ಇದ್ದುದನ್ನೇ ಹಾಕಿ ಬೆಸುಗೆ ಹಚ್ಚಿದರು. ಕಾರ್ಡು ನಡೆಯಿತು. ಟೋನು ಮಾತ್ರ ಒಂದು ಕೂದಲೆಳೆ ಮೇಲೇರಿತು. ಸರ್ಕಾರಿ ಮಾಲನ್ನು ಹೊರಗೆ ಒಯ್ದದ್ದು ಗೊತ್ತಾದರೆ ನೌಕರಿ ಹೋಗುತ್ತಿತ್ತು. ಯಾರೂ ಗಮನಿಸಲಿಲ್ಲ, ಇಂದೂಬಾಯಿಯನ್ನು ಬಿಟ್ಟು.

"ಫೋನ್ ಮಾಡಿ ಕರಸಿದ್ರು. ಟೋನ್ ಯಾಕ ಏರ್ಯದ ಅಂತ ಕೇಳಿದ್ರು. ನನಗ ಕೈಕಾಲ ಆಡ್ಲಿಲ್ರಿ. ಆ ವರ್ಷ ಪೇಪರಿನ ತುಂಬ ಹೊಸಾ ಟೆಲಿಫೋನ್ ನೀತಿ, ಸುಧಾರಣಿ ಅಂತ ಬರ್ತಿತ್ತಲ್ಲ. ಅದನ್ನ ಹೇಳಿಬಿಟ್ನಿ. ದಿಲ್ಲಿಯಿಂದ ಆರ್ಡರ್ ಬಂದೈತ್ರಿ ಬಾಯಾರ, ಇಡೀ ದೇಶದ್ದು ಏರಿಸ್ಯಾರ ಅಂದ್ನಿ. ಅವರು, ಹೌದೇನು, ಸರಕಾರನ ಏರಿಸಿದ ಮ್ಯಾಲೆ ನಾವೂ ಏರಸಬೇಕಲ್ಲ ಅಂದ್ರು. ಮರುದಿನದಿಂದ ಅವರ ಸಾ ಬದಲಾತು." ಹನುಮೇಶಣ್ಣನ ಕಣ್ಣಲ್ಲಿ ನೀರಿತ್ತು. "ಇಪ್ಪತ್ನಾಕು ವರ್ಷ ದಿನಾ ಆ ಟೋನ್ ಕೇಳೇನ್ರಿ. ನನ್ನ ತಪ್ಪು ಇನ್ನೂ ಅಲ್ಲೇ ಐತೇನಂತ ನೋಡಾಕ. ಆ ಕಾರ್ಡ್ ತಗದು ಅವರ ಮನಿಗೆ ಏನರ ಮಾಡಿ ಕೊಡೂಣು ಅನಕೊಂಡಿದ್ನಿ. ಲಾರಿ ಲಗೂ ಬಂತು."

ಆ ಲಾರಿಗೆ ಸಹಿ ಹಾಕಿದವಳು ನಾನು. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ ಎಂದು ನನ್ನನ್ನೇ ಬೈದುಕೊಂಡೆ. ಗುಜರಿಯವನಿಗೆ ಫೋನು ಮಾಡಿದರೆ, ಕಾರ್ಡುಗಳೆಲ್ಲ ಅಂದೇ ಪುಡಿಯಾದವು ಅಂದ. ಆ ಸ್ವರ ಈಗ ಜಗತ್ತಿನ ಯಾವ ಯಂತ್ರದಲ್ಲೂ ಇರಲಿಲ್ಲ.

ಮರುದಿನ ನಸುಕಿನಲ್ಲಿ ಹನುಮೇಶಣ್ಣ ನನಗಿಂತ ಮೊದಲೇ ಅಲ್ಲಿಗೆ ಬಂದಿದ್ದರು. ಕಾಲು ತೊಳೆದು, ಬಾಯಾರ ಹಿಂದೆ ಗೋಡೆಗೆ ಒರಗಿ ಕೂತಿದ್ದರು. ಮಂಜಿನ ಬೆಳಕು ಕಿಟಕಿಯಿಂದ ಬಂದು ಚಾಪೆಯ ಮೇಲೆ ಬಿದ್ದಿತ್ತು. ಬಾಯಾರು ರಿಸೀವರ್ ಎತ್ತಿದರು, ಕೇಳಿದರು, ಕೆಳಗಿಡಲು ಹೋದರು. ಆಗ ಹನುಮೇಶಣ್ಣ ಬಾಯಿ ಮುಚ್ಚಿಕೊಂಡೇ ಗುಂಯ್ ಅಂದರು. ಗಂಡಸಿನ ಒರಟು ದನಿ, ಒಂದು ಸಪ್ತಕ ಕೆಳಗೆ, ಮೊದಲು ಸ್ವಲ್ಪ ನಡುಗಿತು, ಆಮೇಲೆ ನಿಂತಿತು. ಜನ್ಮದಲ್ಲಿ ಒಂದು ಭಜನೆಯನ್ನೂ ಹಾಡಿದವರಲ್ಲ ಅವರು. ಉಸಿರು ಮುಗಿದರೆ ಎಳೆದುಕೊಂಡು ಮತ್ತೆ ಅಲ್ಲಿಂದಲೇ ಹಿಡಿಯುತ್ತಿದ್ದರು.

ಬಾಯಾರ ಕೈ ರಿಸೀವರನ್ನು ಸ್ಟೂಲಿನ ಮೇಲೆ ಅಡ್ಡ ಮಲಗಿಸಿತು. ಬಿರಡೆ ತಿರುಗಿತು. ಒಂದು ತಂತಿ, ಎರಡು ತಂತಿ. ಸಾ ಬಂತು. ಸುರಭಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಅತ್ತೆ, ಅದನ್ನು ಹೇಳಲು ನಾಚಿಕೆ ಯಾಕೆ? ತಾಸಿನ ಮೇಲೆ ಹಾಡು ನಿಂತು, "ಮಿಲಿಂದಾ, ಅಲ್ಲೇ ಯಾಕ ಕೂತೀ? ಒಳಗ ಬಾ" ಎಂದು ದನಿ ಬಂದಾಗ ಆ ಐವತ್ತರ ಮನುಷ್ಯ ಹೊಸ್ತಿಲು ಎಡವಿದ.

ಅಂದಿನಿಂದ ಹನುಮೇಶಣ್ಣ ದಿನಾ ಹೋಗುತ್ತಾರೆ. ಎಕ್ಸ್‌ಚೇಂಜಿನ ಜೊತೆ ಅವರ ಗುತ್ತಿಗೆಯೂ ಮುಗಿಯಿತು. ಈಗ ಅವರು ಯಾರ ಕೆಲಸದವರೂ ಅಲ್ಲ. ಬಾಯಾರಿಗೆ ಅವರ ಗುರುತಿಲ್ಲ. ದಿನಾ ಹೊಸಬರೇ. ಆ ತಾಸಿನಲ್ಲಿ ಮಗ, ಸೊಸೆ, ಓಣಿ ಎಲ್ಲ ವಾಪಸು ಬಂದರೂ, ಹಿಂದೆ ಕೂತ ಈ ಮುದುಕ ಯಾರೆಂದು ಅವರಿಗೆ ತಿಳಿಯುವುದಿಲ್ಲ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ನಾನೂ ಹೋಗಿದ್ದೆ. ಹಾಡು ಮುಗಿದಿತ್ತು. ಬಾಯಾರು ಹಿಂದೆ ತಿರುಗಿ ನೋಡಿ, "ಸಾ ಛಲೋ ಹಚ್ತೀರಿ. ಯಾರ ಕಡೆ ಕಲ್ತೀರಿ?" ಎಂದು ಕೇಳಿದರು.

ಹನುಮೇಶಣ್ಣ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದರು. ಸಿಡಿಲು, ಕಾರ್ಡು, ದಿಲ್ಲಿಯ ಆರ್ಡರು, ಸುಳ್ಳು.

ಬಾಯಾರು ನಕ್ಕರು. "ಅಯ್ಯ, ಆ ಎಕ್ಸ್‌ಚೇಂಜಿನ ಹುಡುಗ ಹೇಳಿದ್ದಲ್ಲೇನು? ನನಗ ಗೊತ್ತಿತ್ತು. ಅವ ಹೇಳಿದ ಮುಂದಿನ ವಾರನ ಹುಬ್ಬಳ್ಳಿಗೆ ತಂಗಿ ಮನಿಗೆ ಹೋಗಿದ್ದೆ. ಅಲ್ಲೆ ಫೋನ್ ಎತ್ತಿ ನೋಡಿದೆ. ಹಳೇ ಟೋನೇ ಇತ್ತು."

ಹನುಮೇಶಣ್ಣ ತಲೆ ಎತ್ತಿದರು. "ಮತ್ತ... ಯಾಕ ಯಾರಿಗೂ ಹೇಳ್ಲಿಲ್ರಿ?"

"ಸುಳ್ಳು ಹೇಳೂ ಮುಂದ ಬರೇ ನೆಲಾ ನೋಡತಿದ್ದ ಪಾಪ ಅಂವ. ಹೇಳಿದ್ರ ನೌಕರಿ ತಗೀತಿದ್ರು. ಸಾ ಏನು, ಏರಿಸ್ಕೊಂಡ್ರಾತು." ತಂಬೂರಿಗೆ ಗವಸು ಹಾಕುತ್ತಿದ್ದವರು ನಿಲ್ಲಿಸಿ, ಏನೋ ನೆನಪಾದವರಂತೆ ಅವರ ಮುಖವನ್ನೇ ನೋಡಿದರು. "ಉಳೀತೇನ್ರಿ ಆ ಹುಡುಗನ ನೌಕರಿ?"

ನಾನು ಕಿಟಕಿಯ ಕಡೆ ಮುಖ ಮಾಡಿದೆ.

"ಉಳೀತ್ರಿ ಬಾಯಾರ," ಅಂದರು ಹನುಮೇಶಣ್ಣ. "ಕಡೀತನಕಾ ಉಳೀತು."